ಲೈವ್ ವಿಡಿಯೋದಲ್ಲಿ ದೂರದ ಅತಿಥಿಯ ದನಿ ಹಿಡಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಲೈವ್ ಶುರುವಾಗಿ ಎರಡು ನಿಮಿಷ ಆಗಿರುವುದಿಲ್ಲ, ಚಾಟ್‌ನಲ್ಲಿ "ಗೆಸ್ಟ್ ಮಾತು ಕೇಳ್ತಾ ಇಲ್ಲ" ಎಂದು ಸಾಲು ಸಾಲಾಗಿ ಬೀಳತೊಡಗುತ್ತದೆ. ನಿಮ್ಮ ಕಿವಿಗೆ ಮಾತ್ರ ಅವರ ಮಾತು ಚೆನ್ನಾಗಿಯೇ ಕೇಳುತ್ತಿರುತ್ತದೆ. ಕಾರಣ ಇಷ್ಟೇ: ಅತಿಥಿಯ ದನಿ ನಿಮ್ಮ ಹೆಡ್‌ಫೋನಿಗೆ ಬರುವ ದಾರಿ ಬೇರೆ, ಸ್ಟ್ರೀಮಿಗೆ ಹೋಗುವ ದಾರಿ ಬೇರೆ. ಮೊದಲನೆಯದನ್ನು ಕರೆಯ ಆ್ಯಪ್ ತಾನೇ ಹಾಕಿಕೊಡುತ್ತದೆ. ಎರಡನೆಯದನ್ನು ನೀವು ಹಾಕಬೇಕು.

ಇಲ್ಲಿನ ಹಂತಗಳೆಲ್ಲ ಕಂಪ್ಯೂಟರಿನಿಂದ ಲೈವ್ ಕಳಿಸುವ ಸಾಫ್ಟ್‌ವೇರ್ ಓಬಿಎಸ್ ಸ್ಟುಡಿಯೋಗೆ ಬರೆದವು. ಕರೆಗೆ ಝೂಮ್ ಇರಲಿ, ಗೂಗಲ್ ಮೀಟ್ ಇರಲಿ, ಇನ್ನೊಂದಿರಲಿ, ಲೆಕ್ಕ ಒಂದೇ. ಹಳೆಯ ಬರಹಗಳಲ್ಲಿ ಸ್ಕೈಪ್ ಇಟ್ಟುಕೊಂಡು ಮಾಡುವ ವಿಧಾನ ಕಂಡರೆ ಬಿಟ್ಟುಬಿಡಿ, ಸ್ಕೈಪ್ 2025ರ ಮೇ ತಿಂಗಳಲ್ಲೇ ನಿಂತುಹೋಗಿದೆ.

ಮೊದಲು ಕಾಗದದ ಮೇಲೆ ಮೂರು ಗೆರೆ

ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಮೂರು ಗೆರೆ ಎಳೆಯಿರಿ.

1. ಅತಿಥಿಯಿಂದ ನಿಮ್ಮ ಹೆಡ್‌ಫೋನಿಗೆ.
2. ಅತಿಥಿಯಿಂದ ಸ್ಟ್ರೀಮಿಗೆ.
3. ನಿಮ್ಮ ಮೈಕ್ ಮತ್ತು ನೀವು ಹಾಕುವ ಕ್ಲಿಪ್‌ಗಳಿಂದ ಅತಿಥಿಯ ಕಿವಿಗೆ.

ಎಡವುವುದು ಮೂರನೆಯದರಲ್ಲಿ. ಅತಿಥಿಗೆ ವಾಪಸ್ ಹೋಗುವ ದನಿಯಲ್ಲಿ ಅವರದೇ ದನಿ ಇರಬಾರದು. ಇದ್ದರೆ ತಮ್ಮ ಮಾತೇ ಸ್ವಲ್ಪ ತಡವಾಗಿ ಅವರ ಕಿವಿಗೆ ಬೀಳುತ್ತದೆ. 200 ಮಿಲಿಸೆಕೆಂಡ್ ಆಸುಪಾಸಿನ ಈ ತಡ ಎಂಥ ಮಾತುಗಾರರನ್ನೂ ತೊದಲಿಸಿಬಿಡುತ್ತದೆ. ಅತಿಥಿಯ ದನಿಯೊಂದನ್ನು ಕಳೆದು ಉಳಿದದ್ದನ್ನೆಲ್ಲ ಕಳಿಸುವುದಕ್ಕೆ ರೇಡಿಯೋ ಕಾಲದಿಂದಲೂ ಮಿಕ್ಸ್-ಮೈನಸ್ ಎನ್ನುತ್ತಾರೆ.

ಪ್ರತಿ ಗೆರೆಗೂ ಒಂದೇ ದಾರಿ ಇರಬೇಕು. ಶೂನ್ಯ ದಾರಿ ಇದ್ದರೆ ಮೌನ. ಎರಡು ದಾರಿ ಇದ್ದರೆ ಕೊಳವೆಯೊಳಗಿಂದ ಮಾತಾಡಿದ ಹಾಗೆ ಟೊಳ್ಳು ದನಿ. ಆಡಿಯೋ ಕೆಟ್ಟಾಗಲೆಲ್ಲ ಈ ಹಾಳೆಗೆ ವಾಪಸ್ ಬನ್ನಿ, ತಪ್ಪು ಬೇಗ ಸಿಗುತ್ತದೆ.

ಅತಿಥಿಯ ಕಡೆ ಆಗಬೇಕಾದದ್ದು

ಅಲ್ಲಿಂದಲೇ ಕೆಟ್ಟು ಬಂದ ದನಿಯನ್ನು ಇಲ್ಲಿ ಯಾವ ಫಿಲ್ಟರೂ ರಿಪೇರಿ ಮಾಡುವುದಿಲ್ಲ. ಹಿಂದಿನ ದಿನವೇ ಅತಿಥಿಗೆ ಚಿಕ್ಕ ಸಂದೇಶ ಕಳಿಸಿ. ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಬೇಕು, ಫ್ಯಾನ್ ಆರಿಸಬೇಕು, ಸಾಧ್ಯವಾದರೆ ಲ್ಯಾನ್ ಕೇಬಲ್ ಹಾಕಬೇಕು, ಇಲ್ಲದಿದ್ದರೆ ರೂಟರ್ ಇರುವ ಕೋಣೆಯಲ್ಲೇ ಕೂರಬೇಕು. ಮುಖ್ಯವಾಗಿ, ನಿಮ್ಮ ಲೈವನ್ನು ಇನ್ನೊಂದು ಟ್ಯಾಬ್‌ನಲ್ಲಿ ತೆರೆದಿಟ್ಟಿರಬಾರದು.

ಬ್ಲೂಟೂತ್ ಯಾಕೆ ಬೇಡ? ಹಾಡು ಕೇಳುವಾಗ ಬ್ಲೂಟೂತ್ ಹೆಡ್‌ಸೆಟ್ ಸ್ಟೀರಿಯೋದಲ್ಲಿ ಚೆನ್ನಾಗಿಯೇ ಇರುತ್ತದೆ. ಅದರ ಮೈಕ್ ಆನ್ ಆದ ಕ್ಷಣ ಸಾಮಾನ್ಯವಾಗಿ ಅದು ಫೋನ್ ಕರೆಯ ಪ್ರೊಫೈಲಿಗೆ ಇಳಿಯುತ್ತದೆ. ಅಲ್ಲಿ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬ ಲೆಕ್ಕ) 8 ಅಥವಾ 16 ಕಿಲೋಹರ್ಟ್ಝ್, ಅದೂ ಮೋನೋ. ಅತಿಥಿಗೆ ಬ್ಲೂಟೂತ್ ಬಿಟ್ಟರೆ ಗತಿಯಿಲ್ಲ ಎಂದಾದರೆ ಕೇಳಲು ಮಾತ್ರ ಅದನ್ನು ಬಳಸಿ, ಆ್ಯಪ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪಿನದನ್ನೇ ಆರಿಸಲಿ. ಆಗ ಅವರ ಮಾತು ಫೋನ್ ಕರೆಯ ಹಾಗೆ ಕುಗ್ಗದೆ ಬರುತ್ತದೆ.

ಝೂಮ್ ಆದರೆ ಅತಿಥಿಯ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಮೈಕ್ ವಾಲ್ಯೂಮ್ ತಾನಾಗಿ ಹೊಂದಿಸುವ ಟಿಕ್ ತೆಗೆಸಿ, ಹಿನ್ನೆಲೆ ಸದ್ದು ಅಡಗಿಸುವುದನ್ನು ಲೋ ಮಾಡಿಸಿ. ಹಾಡುವವರು, ವಾದ್ಯ ನುಡಿಸುವವರು ಆಗಿದ್ದರೆ "ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್" ಆನ್ ಮಾಡಲೇಬೇಕು. ಇಲ್ಲವಾದರೆ ಎಳೆದು ಹಾಡಿದ ಸ್ವರವನ್ನು ಆ್ಯಪ್ ಫ್ಯಾನಿನ ಸದ್ದು ಎಂದುಕೊಂಡು ಕತ್ತರಿಸುತ್ತದೆ. ಅದನ್ನು ಆನ್ ಮಾಡಿದವರು ಇಯರ್‌ಫೋನ್ ತೆಗೆಯುವ ಹಾಗಿಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ಮೊದಲ ನಾಲ್ಕು ಕೆಲಸ

1. ಓಬಿಎಸ್‌ನ ಸೆಟ್ಟಿಂಗ್ಸ್, ಆಡಿಯೋದಲ್ಲಿ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಝ್ ಇಡಿ. ಮೈಕ್, ಹೆಡ್‌ಫೋನ್, ವರ್ಚುವಲ್ ಕೇಬಲ್ (ಒಂದು ಆ್ಯಪ್‌ನ ದನಿಯನ್ನು ಇನ್ನೊಂದಕ್ಕೆ ಒಯ್ಯುವ ಸಾಫ್ಟ್‌ವೇರ್) ಎಲ್ಲಕ್ಕೂ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದೇ 48 ಇರಲಿ. ಒಂದು 44.1, ಇನ್ನೊಂದು 48 ಆಗಿದ್ದರೆ ಚಟಪಟ ಸದ್ದು ಬರಬಹುದು, ಹೊತ್ತು ಕಳೆದಂತೆ ತುಟಿಗೂ ಮಾತಿಗೂ ತಾಳ ತಪ್ಪಬಹುದು.
2. ಅದೇ ಪುಟದಲ್ಲಿ ಡೆಸ್ಕ್‌ಟಾಪ್ ಆಡಿಯೋವನ್ನು "ಡಿಸೇಬಲ್ಡ್" ಮಾಡಿ. ಎರಡು ದಾರಿಯ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಮೆಸೇಜ್ ಬಂದಾಗಿನ ಟಿಣ್ ಸದ್ದು ಲೈವ್‌ಗೆ ಹೋಗುವುದೂ ಇದರಿಂದಲೇ.
3. ವಿಂಡೋಸ್‌ನ ಹಳೆಯ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು "ಕಮ್ಯುನಿಕೇಶನ್ಸ್" ಟ್ಯಾಬ್‌ನಲ್ಲಿ "ಡೂ ನಥಿಂಗ್" ಆರಿಸಿ. ಕರೆ ಶುರುವಾದ ಕೂಡಲೇ ಉಳಿದ ಸದ್ದನ್ನೆಲ್ಲ 80 ಶೇಕಡಾ ತಗ್ಗಿಸುವ ಆಯ್ಕೆ ಅಲ್ಲಿ ಕೂತಿರುತ್ತದೆ. ಹಿನ್ನೆಲೆ ಸಂಗೀತ ಇದ್ದಕ್ಕಿದ್ದಂತೆ ಕುಗ್ಗಿಹೋಯಿತು ಎಂದು ಓಬಿಎಸ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ.
4. ಹೆಡ್‌ಫೋನ್ ಹಾಕಿಕೊಳ್ಳಿ, ಸ್ಪೀಕರ್ ಬೇಡವೇ ಬೇಡ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಒಳ್ಳೆಯದು. ಹಿಂಬದಿ ತೆರೆದಿರುವ ಓಪನ್-ಬ್ಯಾಕ್ ಆದರೆ ಅತಿಥಿಯ ದನಿ ಅದರಿಂದ ಸೋರಿ ನಿಮ್ಮ ಮೈಕಿಗೇ ಬೀಳುತ್ತದೆ.

ವಿಂಡೋಸ್: ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್

ಓಬಿಎಸ್ 28ರಿಂದ ಈಚೆಗೆ, ವಿಂಡೋಸ್ 10ರ 2004 ಆವೃತ್ತಿ ಅಥವಾ ಅದಕ್ಕಿಂತ ಹೊಸದರಲ್ಲಿ, ಒಂದು ಆ್ಯಪ್‌ನ ದನಿಯನ್ನಷ್ಟೇ ಹಿಡಿಯುವ ಸೌಲಭ್ಯವಿದೆ. ಬಹಳಷ್ಟು ಜನರಿಗೆ ಇದಿಷ್ಟೇ ಸಾಕು.

1. ಮೊದಲು ಕರೆ ಶುರು ಮಾಡಿ. ಆ್ಯಪ್ ಓಡುತ್ತಿರದಿದ್ದರೆ ಪಟ್ಟಿಯಲ್ಲಿ ಅದರ ಹೆಸರು ಕಾಣುವುದಿಲ್ಲ.
2. ಸೋರ್ಸಸ್‌ನಲ್ಲಿ ಪ್ಲಸ್ ಒತ್ತಿ "ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್" ಆರಿಸಿ, "ಅತಿಥಿ" ಎಂದು ಹೆಸರು ಕೊಡಿ.
3. ವಿಂಡೋ ಪಟ್ಟಿಯಲ್ಲಿ ಕರೆಯ ಕಿಟಕಿಯನ್ನೇ ಆರಿಸಿ.
4. ಅತಿಥಿಗೆ ಮಾತಾಡಲು ಹೇಳಿ. ಮಿಕ್ಸರ್‌ನಲ್ಲಿ "ಅತಿಥಿ" ಪಟ್ಟಿ ಮಾತ್ರ ಕುಣಿಯಬೇಕು, ಬೇರಾವುದೂ ಅಲುಗಬಾರದು.
5. ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಇದರ ಮಾನಿಟರಿಂಗ್, ಅಂದರೆ ಓಬಿಎಸ್ ತಾನೇ ನಿಮ್ಮ ಕಿವಿಗೆ ಕೇಳಿಸುವುದು, ಆಫ್ ಇರಲಿ. ನಿಮಗೆ ಕರೆಯಿಂದಲೇ ದನಿ ಬರುತ್ತಿದೆ, ಇನ್ನೊಂದು ಬೇಡ.

ಒಂದಕ್ಕಿಂತ ಹೆಚ್ಚು ಸೀನ್ (ಓಬಿಎಸ್‌ನಲ್ಲಿ ಮಾಡಿಟ್ಟ ಪರದೆಯ ಜೋಡಣೆ) ಇದ್ದರೆ ಪ್ರತಿ ಸೀನ್‌ನಲ್ಲೂ ಹೊಸದಾಗಿ ಸೃಷ್ಟಿಸಬೇಡಿ. ಇರುವ ಸೋರ್ಸನ್ನೇ ಕಾಪಿ ಮಾಡಿ "ಪೇಸ್ಟ್ ರೆಫರೆನ್ಸ್" ಕೊಡಿ, ಸೀನ್ ಬದಲಿಸಿದಾಗ ದನಿ ಕಡಿಯುವುದಿಲ್ಲ.

ಬ್ರೌಸರಿನಲ್ಲಿ ಕರೆ ಮಾಡುವವರು ಇದನ್ನು ಗಮನಿಸಬೇಕು: ಈ ವಿಧಾನ ಒಂದು ಟ್ಯಾಬ್ ಎಂದು ಬೇರ್ಪಡಿಸುವುದಿಲ್ಲ, ಇಡೀ ಬ್ರೌಸರನ್ನು ಹಿಡಿಯುತ್ತದೆ. ಅದೇ ಬ್ರೌಸರಿನಲ್ಲಿ ನಿಮ್ಮ ಲೈವ್ ಪುಟ ತೆರೆದಿದ್ದರೆ ಅದರ ದನಿ ಮತ್ತೆ ಲೈವ್‌ಗೆ ಹೋಗಿ, ಹಲವು ಸೆಕೆಂಡ್ ಬಿಟ್ಟು ಮತ್ತೆ ಬಂದು, ಸುತ್ತು ಹೊಡೆಯುತ್ತಲೇ ಇರುತ್ತದೆ. ಕರೆಗೆ ಒಂದು ಬ್ರೌಸರ್, ಚಾಟ್ ನೋಡಲು ಇನ್ನೊಂದು, ಹೀಗೆ ಎರಡು ಇಟ್ಟುಕೊಂಡರೆ ಪೀಕಲಾಟವಿಲ್ಲ.

ವರ್ಚುವಲ್ ಕೇಬಲ್ ಯಾವಾಗ ಬೇಕು

ಹಳೆಯ ವಿಂಡೋಸ್ ಇದ್ದಾಗ, ಅಥವಾ ಕರೆಯ ಆ್ಯಪ್ ಆ ಪಟ್ಟಿಗೆ ಸಿಗದಿದ್ದಾಗ, ವಿಬಿ-ಕೇಬಲ್ ಹಾಕಿಕೊಳ್ಳಿ. ಅದರ ಹೆಸರುಗಳೇ ತಲೆ ತಿನ್ನುತ್ತವೆ. ಹಾಕಿದ ಮೇಲೆ ಸ್ಪೀಕರ್ ಪಟ್ಟಿಯಲ್ಲಿ "ಕೇಬಲ್ ಇನ್‌ಪುಟ್", ಮೈಕ್ ಪಟ್ಟಿಯಲ್ಲಿ "ಕೇಬಲ್ ಔಟ್‌ಪುಟ್" ಕಾಣುತ್ತದೆ. ತಿರುಗಾಮುರುಗಾ ಇದೆ ಅನಿಸುತ್ತದೆ, ಆದರೆ ಸರಿಯಾಗಿಯೇ ಇದೆ. ನೀರಿನ ಪೈಪ್ ಎಂದುಕೊಳ್ಳಿ: ಝೂಮ್ ತನ್ನ ದನಿಯನ್ನು ಸುರಿಯುವ ಬಾಯಿ ಇನ್‌ಪುಟ್, ಓಬಿಎಸ್ ಹಿಡಿದುಕೊಳ್ಳುವ ತುದಿ ಔಟ್‌ಪುಟ್.

ಹಾಗಾಗಿ ಝೂಮ್‌ನ ಸ್ಪೀಕರ್ ಆಗಿ ಕೇಬಲ್ ಇನ್‌ಪುಟ್ ಆರಿಸಿ. ಓಬಿಎಸ್‌ನಲ್ಲಿ "ಆಡಿಯೋ ಇನ್‌ಪುಟ್ ಕ್ಯಾಪ್ಚರ್" ಸೇರಿಸಿ ಕೇಬಲ್ ಔಟ್‌ಪುಟ್ ಕೊಡಿ. ಈಗ ಸ್ಟ್ರೀಮಿಗೆ ದನಿ ಹೋಗುತ್ತದೆ, ಆದರೆ ನಿಮ್ಮ ಕಿವಿಗೆ ಏನೂ ಕೇಳುವುದಿಲ್ಲ, ಏಕೆಂದರೆ ಮೊದಲ ಗೆರೆಯನ್ನು ನೀವೇ ಕಿತ್ತು ಪೈಪಿಗೆ ಹಾಕಿದ್ದೀರಿ. ಅದನ್ನು ವಾಪಸ್ ಪಡೆಯಲು ಆ ಸೋರ್ಸಿನ ಮಾನಿಟರಿಂಗನ್ನು "ಮಾನಿಟರ್ ಅಂಡ್ ಔಟ್‌ಪುಟ್" ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಮಾನಿಟರಿಂಗ್ ಡಿವೈಸ್ ನಿಮ್ಮ ಹೆಡ್‌ಫೋನ್ ಇರಲಿ. "ಮಾನಿಟರ್ ಓನ್ಲಿ" ಆರಿಸಿದರೆ ನಿಮಗೆ ಕೇಳುತ್ತದೆ, ಲೈವ್‌ಗೆ ಹೋಗುವುದಿಲ್ಲ. ಬರಹದ ಮೊದಲಲ್ಲಿ ಹೇಳಿದ ಚಾಟ್ ಸಾಲು ಬೀಳುವುದು ಅನೇಕ ಸಲ ಈ ಒಂದು ಆಯ್ಕೆಯಿಂದ.

ಮ್ಯಾಕ್

ಮ್ಯಾಕ್‌ಓಎಸ್ 13 ಅಥವಾ ಮೇಲಿನದರಲ್ಲಿ, ಓಬಿಎಸ್ ಹೊಸದಿದ್ದರೆ, "ಮ್ಯಾಕ್‌ಓಎಸ್ ಆಡಿಯೋ ಕ್ಯಾಪ್ಚರ್" ಸೋರ್ಸ್‌ನಿಂದ ಒಂದೇ ಆ್ಯಪ್‌ನ ದನಿ ಹಿಡಿಯಬಹುದು. ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಓಬಿಎಸ್‌ಗೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಬೇಕು. ಅನುಮತಿ ಕೊಟ್ಟ ಮೇಲೆ ಓಬಿಎಸ್ ಮುಚ್ಚಿ ತೆರೆಯಬೇಕು, ಅಲ್ಲಿಯವರೆಗೆ ಮೌನವೇ.

ಅದಕ್ಕಿಂತ ಹಳೆಯ ಮ್ಯಾಕ್ ಆದರೆ ಬ್ಲ್ಯಾಕ್‌ಹೋಲ್ ಎಂಬ ವರ್ಚುವಲ್ ಕೇಬಲ್ ಹಾಕಿ. ಆಡಿಯೋ ಮಿಡಿ ಸೆಟಪ್‌ನಲ್ಲಿ ಮಲ್ಟಿ-ಔಟ್‌ಪುಟ್ ಡಿವೈಸ್ ಮಾಡಿ ಹೆಡ್‌ಫೋನ್, ಬ್ಲ್ಯಾಕ್‌ಹೋಲ್ ಎರಡನ್ನೂ ಟಿಕ್ ಮಾಡಿ. ಹೆಡ್‌ಫೋನ್ ಪ್ರೈಮರಿ ಆಗಿರಲಿ, ಡ್ರಿಫ್ಟ್ ಕರೆಕ್ಷನ್ ಬ್ಲ್ಯಾಕ್‌ಹೋಲ್ ಮುಂದೆ ಬರಲಿ. ಕರೆಯ ಆ್ಯಪ್‌ಗೆ ಸ್ಪೀಕರ್ ಈ ಮಲ್ಟಿ-ಔಟ್‌ಪುಟ್, ಓಬಿಎಸ್‌ಗೆ ಇನ್‌ಪುಟ್ ಬ್ಲ್ಯಾಕ್‌ಹೋಲ್. ಕೀಬೋರ್ಡಿನ ವಾಲ್ಯೂಮ್ ಗುಂಡಿಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ, ಆದ್ದರಿಂದ ಕಿವಿಗೆ ಹಿತವಾದ ಮಟ್ಟವನ್ನು ಮೊದಲೇ ಇಟ್ಟುಕೊಳ್ಳಿ.

ಇಬ್ಬರು ಮೂವರು ಅತಿಥಿಗಳಿದ್ದರೆ

ಝೂಮ್, ಮೀಟ್‌ನಂಥ ಕರೆಗಳಲ್ಲಿ ಮೇಲಿನ ವಿಧಾನಕ್ಕೆ ಸಿಗುವುದು ಎಲ್ಲರ ದನಿಯೂ ಕಲಸಿದ ಒಂದೇ ಮಿಶ್ರಣ. ಒಬ್ಬರು ಕೂಗಿ ಇನ್ನೊಬ್ಬರು ಪಿಸುಗುಟ್ಟಿದರೆ ನೀವು ಮಾಡುವಂಥದ್ದು ಏನೂ ಇರುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಫೇಡರ್ (ದನಿ ಏರಿಸಿ ಇಳಿಸುವ ಹಿಡಿ) ಬೇಕೆಂದರೆ ವಿಡಿಓ ನಿಂಜಾದಂಥ ಬ್ರೌಸರ್ ಸೇವೆ ಒಳ್ಳೆಯದು. ಒಂದು ರೂಮ್ ಮಾಡಿ, ಅತಿಥಿಗಳಿಗೆ ಆಹ್ವಾನದ ಲಿಂಕ್ ಕಳಿಸಿ. ಡೈರೆಕ್ಟರ್ ಪುಟದಲ್ಲಿ ಒಬ್ಬೊಬ್ಬರಿಗೂ ಸಿಗುವ ಸೋಲೋ ಲಿಂಕನ್ನು ಓಬಿಎಸ್‌ನ ಬ್ರೌಸರ್ ಸೋರ್ಸ್‌ಗೆ ಹಾಕಿ "ಕಂಟ್ರೋಲ್ ಆಡಿಯೋ ವಯಾ ಓಬಿಎಸ್" ಟಿಕ್ ಮಾಡಿ. ಟಿಕ್ ಮಾಡದಿದ್ದರೆ ದನಿ ಸೀದಾ ಕಂಪ್ಯೂಟರಿನ ಸ್ಪೀಕರಿಗೆ ಹೋಗುತ್ತದೆ, ಮಿಕ್ಸರ್‌ನಲ್ಲಿ ಕಾಣುವುದೇ ಇಲ್ಲ.

ಡೈರೆಕ್ಟರ್ ಪುಟದಿಂದಲೇ ನೀವು ಮಾತಾಡುತ್ತ, ಅಲ್ಲಿಂದಲೇ ಅವರನ್ನು ಕೇಳಿಸಿಕೊಳ್ಳುತ್ತಿದ್ದರೆ ಓಬಿಎಸ್‌ನಲ್ಲಿ ಮಾನಿಟರಿಂಗ್ ಆಫ್ ಇಡಿ. ರೂಮ್‌ನಲ್ಲಿ ಯಾರಿಗೂ ತಮ್ಮ ದನಿ ವಾಪಸ್ ಬರುವುದಿಲ್ಲ, ಮಿಕ್ಸ್-ಮೈನಸ್ ತಾನಾಗಿ ಆಗಿರುತ್ತದೆ.

ನೀವು ಹಾಕುವ ಕ್ಲಿಪ್ ಅತಿಥಿಗೂ ಕೇಳಬೇಕಾದರೆ

ಓಬಿಎಸ್‌ನ ವರ್ಚುವಲ್ ಕ್ಯಾಮೆರಾ ಚಿತ್ರವನ್ನಷ್ಟೇ ಸಾಗಿಸುತ್ತದೆ, ದನಿಯನ್ನಲ್ಲ. ಆದ್ದರಿಂದ ಕ್ಲಿಪ್ ಮುಗಿದ ಮೇಲೆ "ಹೇಗನಿಸಿತು?" ಎಂದು ಕೇಳಿದರೆ ಅತಿಥಿ ಮುಖ ಮುಖ ನೋಡುತ್ತಾರೆ.

ಝೂಮ್‌ನಲ್ಲಿ ಸುಲಭದ ದಾರಿಯಿದೆ. ಕ್ಲಿಪ್ ಇರುವ ಮೀಡಿಯಾ ಸೋರ್ಸನ್ನು "ಮಾನಿಟರ್ ಅಂಡ್ ಔಟ್‌ಪುಟ್" ಮಾಡಿ, ಝೂಮ್‌ನ ಶೇರ್ ಕಿಟಕಿಯ ಅಡ್ವಾನ್ಸ್ಡ್ ಭಾಗದಲ್ಲಿ ಕಂಪ್ಯೂಟರ್ ಆಡಿಯೋ ಮಾತ್ರ ಹಂಚುವುದನ್ನು ಆರಿಸಿ. ಕ್ಲಿಪ್ ನಿಮ್ಮ ಹೆಡ್‌ಫೋನಿಗೂ ಅತಿಥಿಗೂ ಒಟ್ಟಿಗೆ ಹೋಗುತ್ತದೆ. ಮೇಲಿನ ಕೇಬಲ್ ವಿಧಾನದಲ್ಲಿ ಅತಿಥಿಯ ದನಿಯೂ ಓಬಿಎಸ್ ಮೂಲಕವೇ ಮಾನಿಟರ್ ಆಗುತ್ತಿದೆಯಲ್ಲ, ಅಲ್ಲಿ ಇದನ್ನು ಮಾಡಬೇಡಿ. ಅವರ ದನಿಯೇ ಅವರಿಗೆ ವಾಪಸ್ ಹೋಗುತ್ತದೆ.

ಕಂಪ್ಯೂಟರ್ ಆಡಿಯೋ ಹಂಚಲು ಬಾರದ ಆ್ಯಪ್ ಆದರೆ ವಾಯ್ಸ್‌ಮೀಟರ್ ಬನಾನಾ ಎಂಬ ಸಾಫ್ಟ್‌ವೇರ್ ಮಿಕ್ಸರ್ ಬೇಕು. ಅದರಲ್ಲಿ ಪ್ರತಿ ಪಟ್ಟಿಗೂ ಗುಂಡಿಗಳಿವೆ: ಎ1 ಅಂದರೆ ಹೆಡ್‌ಫೋನ್, ಬಿ1, ಬಿ2 ಅಂದರೆ ಎರಡು ವರ್ಚುವಲ್ ಮೈಕ್‌ಗಳು. ಹೀಗೆ ಒತ್ತಿ:

- ನಿಮ್ಮ ಮೈಕ್: ಬಿ1 ಮಾತ್ರ.
- ಕ್ಲಿಪ್ ಮತ್ತು ಸಂಗೀತ: ಎ1, ಬಿ1.
- ಕರೆಯಿಂದ ಬರುವ ಅತಿಥಿ: ಎ1, ಬಿ2.

ಕರೆಯ ಆ್ಯಪ್‌ಗೆ ಮೈಕ್ ಆಗಿ ಬಿ1 ಕೊಡಿ. ಓಬಿಎಸ್‌ನಲ್ಲಿ ಅತಿಥಿಗೆ ಬಿ2 ಕೊಟ್ಟು, ನಿಮ್ಮ ಮೈಕನ್ನೂ ಕ್ಲಿಪ್ಪನ್ನೂ ಎಂದಿನ ಹಾಗೆ ಓಬಿಎಸ್‌ಗೆ ನೇರವಾಗಿ ತೆಗೆದುಕೊಳ್ಳಿ. ಬಿ1ರಲ್ಲಿ ಅತಿಥಿಯ ಸುಳಿವೂ ಇರಬಾರದು, ಇದೇ ಇಡೀ ಜೋಡಣೆಯ ಗುಟ್ಟು. ಯಂತ್ರದ ಮಿಕ್ಸರ್ ಇರುವವರು ಇದೇ ಕೆಲಸವನ್ನು ಆಕ್ಸ್ ಸೆಂಡ್‌ನಿಂದ ಮಾಡುತ್ತಾರೆ: ಅತಿಥಿಯ ಚಾನೆಲ್‌ನಲ್ಲಿ ಆಕ್ಸ್ ಗುಂಡಿ ಸೊನ್ನೆಗೆ, ಉಳಿದವುಗಳಲ್ಲಿ ಮೇಲಕ್ಕೆ.

ಮಟ್ಟ ಮತ್ತು ಫಿಲ್ಟರ್

ಓಬಿಎಸ್ ಮೀಟರಿನಲ್ಲಿ ಮೈನಸ್ 20 ಡಿಬಿವರೆಗೆ ಹಸಿರು, ಅಲ್ಲಿಂದ ಮೈನಸ್ 9ರವರೆಗೆ ಹಳದಿ, ಆಮೇಲೆ ಕೆಂಪು. ಅತಿಥಿ ಎಂದಿನ ದನಿಯಲ್ಲಿ ಮಾತಾಡುವಾಗ ಹಳದಿಯಲ್ಲೇ ಆಡುತ್ತಿರಲಿ, ನಕ್ಕಾಗ ಕೆಂಪಿನ ಅಂಚು ಮುಟ್ಟಿದರೆ ಪರವಾಗಿಲ್ಲ. ಕರೆಯ ದನಿ ಸಾಮಾನ್ಯವಾಗಿ ಚಿಕ್ಕದಾಗಿಯೇ ಬರುತ್ತದೆ. ಅದನ್ನು ಮೇಲೆತ್ತಲು ಗೇನ್ ಫಿಲ್ಟರ್ ಹಾಕಿ, ಬೇಕಾದರೆ 6 ಡಿಬಿವರೆಗೆ.

ಅದರ ಕೆಳಗೆ ಕಂಪ್ರೆಸರ್, ಅಂದರೆ ಜೋರು ದನಿಯನ್ನು ತಗ್ಗಿಸಿ ಏರಿಳಿತ ಕಡಿಮೆ ಮಾಡುವ ಫಿಲ್ಟರ್. ಓಬಿಎಸ್ ತಾನಾಗಿ ಕೊಡುವ 10:1 ಅನುಪಾತ ಮಾತಿಗೆ ಅತಿಯಾಯಿತು, 3:1 ಇಡಿ. ಥ್ರೆಶೋಲ್ಡ್ ಮೈನಸ್ 20, ಅಟ್ಯಾಕ್ 6 ಮಿಲಿಸೆಕೆಂಡ್, ರಿಲೀಸ್ 100ರ ಹತ್ತಿರ. ಕೊನೆಯಲ್ಲಿ ಲಿಮಿಟರ್ (ದನಿ ಒಂದು ಮಿತಿ ದಾಟದಂತೆ ತಡೆಯುವುದು), ಮೈನಸ್ 3ಕ್ಕೆ. ಫಿಲ್ಟರುಗಳು ಮೇಲಿಂದ ಕೆಳಕ್ಕೆ ಓಡುತ್ತವೆ, ಲಿಮಿಟರ್ ಮೇಲಿದ್ದರೆ ಇದ್ದೂ ಇಲ್ಲದ ಹಾಗೆ.

ಅತಿಥಿಯ ದನಿಗೆ ನಾಯ್ಸ್ ಗೇಟ್ (ಮೆಲ್ಲನೆಯ ಸದ್ದನ್ನು ಪೂರ್ತಿ ಮುಚ್ಚುವ ಫಿಲ್ಟರ್) ಹಾಕಬೇಡಿ, ಪದಗಳ ಮೊದಲಕ್ಷರ ನುಂಗುತ್ತದೆ. ನಾಯ್ಸ್ ಸಪ್ರೆಶನ್ನೂ ಬೇಡ. ಕರೆಯ ಆ್ಯಪ್ ಅದನ್ನು ಒಮ್ಮೆ ಮಾಡಿಯೇ ಕಳಿಸಿರುತ್ತದೆ, ಎರಡನೇ ಸಲ ಉಜ್ಜಿದರೆ ಮಾತು ನೀರೊಳಗಿಂದ ಬಂದ ಹಾಗಿರುತ್ತದೆ.

ತುಟಿ ಮತ್ತು ಮಾತು

ಅತಿಥಿಗೆ ಕ್ಯಾಮೆರಾ ಮುಂದೆ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಲು ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್ ಆ್ಯಪ್‌ನಲ್ಲಿ ಒಂದೊಂದೇ ಫ್ರೇಮ್ ಸರಿಸಿ ನೋಡಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದಕ್ಕೆ 33 ಮಿಲಿಸೆಕೆಂಡ್. ಅಂಗೈಗಳು ಕೂಡುವ ಫ್ರೇಮಿಗಿಂತ ಮೂರು ಫ್ರೇಮ್ ಮೊದಲೇ ದನಿಯ ಅಲೆ ಎದ್ದಿದ್ದರೆ ಚಿತ್ರ 100 ಮಿಲಿಸೆಕೆಂಡ್ ಹಿಂದಿದೆ ಎಂದರ್ಥ. ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಅತಿಥಿಗೆ 100 ಬರೆಯಿರಿ. ದನಿಯೇ ಹಿಂದಿದ್ದರೆ ಅತಿಥಿಯ ಚಿತ್ರಕ್ಕೆ "ರೆಂಡರ್ ಡಿಲೇ" ಫಿಲ್ಟರ್ ಹಾಕಿ, ಅದು 500ರವರೆಗೆ ತಡಮಾಡಬಲ್ಲದು. ಒಂದೇ ಚಪ್ಪಾಳೆ ನಂಬಬೇಡಿ. ನೆಟ್‌ವರ್ಕ್ ಏರುಪೇರಿನಿಂದ ಅಳತೆ ಅಲುಗುತ್ತದೆ, ಮೂರು ಸಲ ತಟ್ಟಿಸಿ ನಡುವಿನದನ್ನು ಹಿಡಿಯಿರಿ.

ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡಿಂಗ್

ಲೈವ್ ಮುಗಿದ ಮೇಲೆ ತುಣುಕು ಕತ್ತರಿಸುವವರಿಗೆ ಇದು ದೊಡ್ಡ ಉಪಕಾರ. ಔಟ್‌ಪುಟ್ ಮೋಡ್ ಅಡ್ವಾನ್ಸ್ಡ್ ಮಾಡಿ, ರೆಕಾರ್ಡಿಂಗ್‌ನಲ್ಲಿ ಎಂಕೆವಿ ಆರಿಸಿ, 1, 2, 3ನೇ ಟ್ರ್ಯಾಕ್ ಟಿಕ್ ಮಾಡಿ. ಎಲ್ಲ ಸೋರ್ಸೂ 1ಕ್ಕೆ, ನಿಮ್ಮ ಮೈಕ್ ಜೊತೆಗೆ 2ಕ್ಕೆ, ಅತಿಥಿ ಜೊತೆಗೆ 3ಕ್ಕೆ. ಸ್ಟ್ರೀಮಿಗೆ 1 ಹೋಗುತ್ತದೆ. ನೀವಿಬ್ಬರೂ ಒಟ್ಟಿಗೆ ಮಾತಾಡಿದ ಕಡೆ ಆಮೇಲೆ ಬಿಡಿಸಬಹುದು. ರೆಕಾರ್ಡ್ ಆಗುತ್ತಿದೆ ಎಂದು ಅತಿಥಿಗೆ ಮೊದಲೇ ತಿಳಿಸಿರಿ.

ಲೈವ್‌ಗೆ 15 ನಿಮಿಷ ಮೊದಲು: ಮ್ಯೂಟ್ ಪರೀಕ್ಷೆ

1. 30 ಸೆಕೆಂಡ್ ಇಬ್ಬರೂ ಮಾತಾಡಿ, ರೆಕಾರ್ಡ್ ಮಾಡಿ.
2. ಈಗ ಓಬಿಎಸ್‌ನಲ್ಲಿ "ಅತಿಥಿ" ಸೋರ್ಸನ್ನು ಮ್ಯೂಟ್ ಮಾಡಿ, ಅತಿಥಿಗೆ ಒಂದರಿಂದ ಇಪ್ಪತ್ತು ಎಣಿಸಲು ಹೇಳಿ, ನೀವು ಸುಮ್ಮನಿರಿ.
3. ರೆಕಾರ್ಡಿಂಗ್ ಕೇಳಿ. ಎಣಿಕೆ ಸ್ಪಷ್ಟವಾಗಿ ಕೇಳಿದರೆ ಎಲ್ಲೋ ಎರಡನೇ ದಾರಿಯಿದೆ. ಕ್ಷೀಣವಾಗಿ ಕೇಳಿದರೆ ನಿಮ್ಮ ಹೆಡ್‌ಫೋನ್ ಸೋರುತ್ತಿದೆ. ಪೂರ್ತಿ ಮೌನವಿದ್ದರೆ ಮ್ಯೂಟ್ ತೆಗೆದು ಮುಂದುವರಿಯಿರಿ.

ಮೂರನೇ ಹಂತದ ಮೌನ ಸಿಗದೆ ಲೈವ್ ಒತ್ತಬೇಡಿ. ಮೀಟರ್ ನೋಡಿ ತೃಪ್ತಿಪಟ್ಟುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ನಡುವೆ ಕೆಟ್ಟರೆ

ಎಕೋ ಬಂದಾಗ ನೆನಪಿಡಬೇಕಾದದ್ದು: ಯಾರಿಗೆ ತಮ್ಮ ದನಿ ವಾಪಸ್ ಕೇಳುತ್ತದೋ ಅವರ ಕಡೆ ತಪ್ಪಿಲ್ಲ, ಎದುರಿನವರ ಕಡೆ ಇದೆ. ಅತಿಥಿ "ನನ್ನ ಮಾತೇ ಕೇಳ್ತಿದೆ" ಎಂದರೆ ನಿಮ್ಮ ಸ್ಪೀಕರ್, ನಿಮ್ಮ ಮಾನಿಟರಿಂಗ್ ನೋಡಿ.

ಅತಿಥಿಯ ಕರೆ ಕಡಿದು ಮತ್ತೆ ಸೇರಿದ ಮೇಲೆ ಮೀಟರ್ ಸತ್ತಂತಿದ್ದರೆ ಹಳೆಯ ಕಿಟಕಿ ಹೋಗಿದೆ. ಸೋರ್ಸಿನ ಪ್ರಾಪರ್ಟೀಸ್ ತೆರೆದು ಹೊಸ ಕಿಟಕಿಯನ್ನು ಆರಿಸಿ. ಒಂದೇ ಕಿವಿಗೆ ಕೇಳುತ್ತಿದ್ದರೆ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಮೋನೋ ಟಿಕ್ ಮಾಡಿ. ರೋಬಾಟ್ ದನಿ ಬಂದರೆ ಅದು ನೆಟ್‌ವರ್ಕಿನದು, ಅತಿಥಿಯ ಕ್ಯಾಮೆರಾ ಆಫ್ ಮಾಡಿಸಿ ಒಂದು ನಿಮಿಷ ನೋಡಿ. ಚಿತ್ರ ಬಿಟ್ಟುಕೊಟ್ಟ ಜಾಗವನ್ನು ದನಿ ಉಪಯೋಗಿಸಿಕೊಳ್ಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಫೋನ್. ಅತಿಥಿಯ ಒಂದು ಸ್ಥಿರ ಫೋಟೋ ಇರುವ ಸೀನ್ ಮೊದಲೇ ಮಾಡಿಟ್ಟುಕೊಳ್ಳಿ. ಝೂಮ್ ಮೀಟಿಂಗ್‌ಗೆ ಫೋನ್ ನಂಬರ್‌ನಿಂದ ಸೇರುವ ಸೌಲಭ್ಯ ನಿಮ್ಮ ಖಾತೆಯಲ್ಲಿದ್ದರೆ ಆ ನಂಬರನ್ನೂ ಪಿನ್ನನ್ನೂ ಅತಿಥಿಗೆ ಮೊದಲೇ ಕೊಟ್ಟಿರಿ. ಅವರ ದನಿ ಅದೇ ಸೋರ್ಸಿನಲ್ಲೇ ಬರುತ್ತದೆ, ಏನೂ ಬದಲಿಸಬೇಕಾಗಿಲ್ಲ. ಹಳೆಯ ಫೋನ್ ಜಾಲದ ದನಿ 300ರಿಂದ 3400 ಹರ್ಟ್ಝ್‌ನೊಳಗೇ ಇರುತ್ತದೆ, ತೆಳುವಾಗಿ ಕೇಳುತ್ತದೆ. "ಈಗ ಫೋನಿನಲ್ಲಿದ್ದಾರೆ" ಎಂದು ನೋಡುಗರಿಗೆ ಒಂದು ಮಾತು ಹೇಳಿ ಮುಂದಿನ ಪ್ರಶ್ನೆಗೆ ಹೋಗಿ.